ಬೊಗ್ದಾನ್ ಮತ್ತು ಭಗದತ್ತ: ಪೋಲಿಷ್ ಗಂಡುಹೆಸರುಗಳ ಒಳಗೆ

ಪೋಲೆಂಡಿನ ಕ್ರಾಕೋವ್ ನಗರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಅಡುಗೆಕೋಣೆಯಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ತೂಗುಹಾಕಿತ್ತು. ನಮ್ಮ ಗೋಡೆ ಕ್ಯಾಲೆಂಡರಿನಲ್ಲಿ ತಿಥಿ, ನಕ್ಷತ್ರ, ರಾಹುಕಾಲಗಳಿರುವ ಜಾಗದಲ್ಲಿ ಅಲ್ಲಿ ಜನರ ಹೆಸರುಗಳಿದ್ದವು: ಮಾರ್ಚ್ 4ಕ್ಕೆ ಕಾಜಿಮ್ಯೆಶ್, ಏಪ್ರಿಲ್ 23ಕ್ಕೆ ವೊಯ್ಚೆಖ್, ಮೇ 8ಕ್ಕೆ ಸ್ಟಾನಿಸ್ವಾಫ್. ಆಯಾ ಹೆಸರಿನವರಿಗೆ ಅದು ‘ಇಮ್ಯೆನಿನಿ’, ಅಂದರೆ ಹೆಸರಿನ ಹಬ್ಬ. ಹಳೆಯ ತಲೆಮಾರಿನವರಲ್ಲಿ ಅನೇಕರು ಹುಟ್ಟುಹಬ್ಬಕ್ಕಿಂತ ಇದನ್ನೇ ದೊಡ್ಡದಾಗಿ ಆಚರಿಸುತ್ತಾರೆ. ದಿನವೂ ಹಾಳೆ ಹರಿಯುತ್ತ ಹರಿಯುತ್ತ ಆ ಹೆಸರುಗಳ ಅರ್ಥ ತಿಳಿಯಬೇಕೆಂಬ ಹಂಬಲ ನನ್ನಲ್ಲಿ ಹುಟ್ಟಿತು.

ಪೋಲಿಷ್, ರಷ್ಯನ್, ಸರ್ಬಿಯನ್ ಮುಂತಾದವು ಒಂದೇ ಕುಟುಂಬದ ಭಾಷೆಗಳು; ಅವುಗಳಿಗೆ ಸ್ಲಾವಿಕ್ ಎಂದು ಹೆಸರು. ಹಳೆಯ ಸ್ಲಾವಿಕ್ ಹೆಸರುಗಳಲ್ಲಿ ಹೆಚ್ಚಿನವು ನಮ್ಮ ಸಮಾಸಪದಗಳಂತೆ ಎರಡು ಮಾತು ಸೇರಿ ಆದವು. ‘ಸ್ವಾಫ್’ ಎಂದರೆ ಕೀರ್ತಿ. ರಷ್ಯನ್ನರು ಇದನ್ನೇ ‘ಸ್ಲಾವ್’ ಎನ್ನುತ್ತಾರೆ. ಇದಕ್ಕೂ ಸಂಸ್ಕೃತದ ‘ಶ್ರವಸ್’ ಶಬ್ದಕ್ಕೂ ಮೂಲಧಾತು ಒಂದೇ. ಕಿವಿಗೆ ಬಿದ್ದದ್ದೇ, ನಾಲ್ಕು ಜನರ ಬಾಯಲ್ಲಿ ಕೇಳಿಬಂದದ್ದೇ ಕೀರ್ತಿ ಎಂಬ ಭಾವ ಎರಡರಲ್ಲೂ ಇದೆ. ‘ಬೊಲೆಸ್ವಾಫ್’ ಎಂದರೆ ಹೆಚ್ಚಿನ ಕೀರ್ತಿಯುಳ್ಳವನು. 1025ರಲ್ಲಿ ಪೋಲೆಂಡಿನ ಮೊದಲ ರಾಜನಾಗಿ ಕಿರೀಟ ಧರಿಸಿದವನ ಹೆಸರು ಇದು. ಇದರ ಅರ್ಥವನ್ನು ಓದಿದಾಗ ನನಗೆ ತಟ್ಟನೆ ನೆನಪಾದದ್ದು ಮಹಾಭಾರತದ ಭೂರಿಶ್ರವ. ‘ಬೊಗ್’ ಎಂದರೆ ದೇವರು. ಅದು ‘ಭಗವಂತ’ ಎಂಬಲ್ಲಿರುವ ನಮ್ಮ ‘ಭಗ’ ಶಬ್ದದ ಬಂಧು. ಹಾಗಾಗಿ ದೇವರು ಕೊಟ್ಟವನು ಎಂಬರ್ಥದ ‘ಬೊಗ್ದಾನ್’, ಮಹಾಭಾರತದಲ್ಲೇ ಬರುವ ಪ್ರಾಗ್ಜ್ಯೋತಿಷದ ದೊರೆ ಭಗದತ್ತನಿಗೆ ಹೆಸರಿನಲ್ಲಿ ದೂರದ ದಾಯಾದಿ. ಇದು ಬರಿಯ ಕಾಕತಾಳೀಯವಲ್ಲ, ಒಂದೇ ಬೇರಿನಿಂದ ಒಡೆದ ಎರಡು ಚಿಗುರು ಎಂದು ತಿಳಿದ ದಿನ ನನಗಾದ ಸಂತೋಷವನ್ನು ಇಂದಿಗೂ ಮರೆತಿಲ್ಲ.

ಎಲ್ಲ ಹೆಸರುಗಳೂ ಹೀಗೆ ಸಲೀಸಾಗಿ ಬಿಡಿಸಿಕೊಳ್ಳುವುದಿಲ್ಲ. ಜ್ಬಿಗ್ನ್ಯೆಫ್ ಎಂದರೆ ಸಿಟ್ಟನ್ನು ನೀಗಿದವನು; ವಿಷ್ಣುಸಹಸ್ರನಾಮದ ‘ಜಿತಕ್ರೋಧ’ನಿಗೆ ಇದು ತೀರ ಹತ್ತಿರ. ವೊಯ್ಚೆಖ್ ಎಂದರೆ ಯೋಧರಿಗೆ ಸಂತೋಷ ಕೊಡುವವನು. ಆದರೆ ಈ ಹೆಸರನ್ನು ಪ್ರಸಿದ್ಧಿಗೆ ತಂದವನು ಕತ್ತಿ ಹಿಡಿದವನಲ್ಲ, 997ರಲ್ಲಿ ಪ್ರಷ್ಯನ್ನರ ನಾಡಿನಲ್ಲಿ ಧರ್ಮಪ್ರಚಾರ ಮಾಡುವಾಗ ಕೊಲೆಯಾದ ಬಿಷಪ್. ಕಾಜಿಮ್ಯೆಶ್ ವಿಷಯದಲ್ಲಂತೂ ವಾದವೇ ಇದೆ: ಶಾಂತಿಯನ್ನು ಕೆಡಿಸುವವನು ಎಂದು ಕೆಲವರು, ಶಾಂತಿಯನ್ನು ಸಾರುವವನು ಎಂದು ಇನ್ನು ಕೆಲವರು. ಹೆಸರುಗಳ ಪಟ್ಟಿ ಮಾಡುವವರು ಇದರಲ್ಲಿ ಒಂದನ್ನು ಮಾತ್ರ ಬರೆದು ಮುಂದೆ ಹೋಗುವುದು ಸರಿಯಲ್ಲ ಎಂದು ನನಗನ್ನಿಸುತ್ತದೆ. ಶತ್ರುವಿನ ನೆಮ್ಮದಿ ಕೆಡಿಸಲಿ ಎಂದು ರಾಜಕುಮಾರನಿಗೆ ಹರಸುವುದು ಆ ಕಾಲಕ್ಕೆ ಅಸಹಜವೇನೂ ಅಲ್ಲ. 1364ರಲ್ಲಿ ಕ್ರಾಕೋವ್ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ ರಾಜನಿಗೂ ಇದೇ ಹೆಸರು.

966ರಲ್ಲಿ ಮ್ಯೆಶ್ಕೊ ದೊರೆ ಕ್ರೈಸ್ತ ದೀಕ್ಷೆ ಪಡೆದ ನಂತರ ಸಂತರ ಹೆಸರುಗಳು ಮೆಲ್ಲಮೆಲ್ಲನೆ ಮೇಲುಗೈ ಪಡೆದವು. ಸ್ಟಾನಿಸ್ವಾಫ್, ವೊಯ್ಚೆಖ್ ಮುಂತಾದವು ಉಳಿದದ್ದಕ್ಕೆ ಆ ಹೆಸರಿನವರೇ ಸಂತರಾದದ್ದು ದೊಡ್ಡ ಕಾರಣ.

ಕೀರ್ತಿ ಹಾರೈಸುವ ಹೆಸರುಗಳಿಗಿಂತ ನನ್ನನ್ನು ಹೆಚ್ಚು ಕಲಕಿದ್ದು ಸರ್ಬಿಯಾದ ‘ವೂಕ್’. ಅದರ ಅರ್ಥ ತೋಳ. ಸರ್ಬಿಯನ್ ಲಿಪಿಯನ್ನು ಸುಧಾರಿಸಿದ ವೂಕ್ ಕರಾಜಿಚ್ ಹುಟ್ಟಿದ್ದು 1787ರಲ್ಲಿ. ಅವನಿಗಿಂತ ಮೊದಲು ಹುಟ್ಟಿದ ಕೂಸುಗಳು ಉಳಿದಿರಲಿಲ್ಲ. ಮಕ್ಕಳನ್ನು ಮಾಟಗಾತಿಯರು ತಿನ್ನುತ್ತಾರೆ, ತೋಳದ ಮೇಲೆ ಬೀಳಲು ಮಾತ್ರ ಅವರಿಗೆ ಧೈರ್ಯ ಸಾಲದು ಎಂಬ ನಂಬಿಕೆಯಿಂದ ತನಗೆ ಈ ಹೆಸರಿಟ್ಟರೆಂದು ಅವನೇ ತನ್ನ ನಿಘಂಟಿನಲ್ಲಿ ಬರೆದಿದ್ದಾನೆ. ಮೊದಲ ಕೂಸುಗಳನ್ನು ಕಳೆದುಕೊಂಡ ತಾಯಂದಿರು ನಮ್ಮ ಹಳ್ಳಿಗಳಲ್ಲಿ ಹುಟ್ಟಿದ ಮಗುವನ್ನು ತಿಪ್ಪೆಯ ಮೇಲೆ ಹೊರಳಿಸಿ ‘ತಿಪ್ಪ’ ಎಂದೋ, ‘ಗುಂಡ’ ಎಂದೋ ಕರೆದದ್ದು ಇದೇ ಭಯದಿಂದ. ಒಬ್ಬ ತಾಯಿ ಸಾವಿಗೆ ಹೆದರಿಕೆ ಹುಟ್ಟಲಿ ಎಂದುಕೊಂಡಳು, ಇನ್ನೊಬ್ಬಳು ಹೇಸಿಗೆ ಹುಟ್ಟಲಿ ಎಂದುಕೊಂಡಳು. ಇಬ್ಬರ ಸಂಕಟವೂ ಒಂದೇ.

ಇಂಥ ಒಂದು ಸ್ಲಾವಿಕ್ ಹೆಸರು ಬೆಂಗಳೂರಿಗೂ ಹೊಸದಲ್ಲ. ಕನಕಪುರ ರಸ್ತೆಯ ತಾತಗುಣಿ ತೋಟದಲ್ಲಿ ದೇವಿಕಾ ರಾಣಿಯವರೊಂದಿಗೆ ಬಾಳಿದ ಚಿತ್ರಕಾರ ಸ್ವೆತೊಸ್ಲಾವ್ ರೋರಿಚ್ ಅವರ ಹೆಸರಿನ ಅರ್ಥ ‘ಪವಿತ್ರ ಕೀರ್ತಿ’, ನಮ್ಮ ಮಾತಿನಲ್ಲಿ ಪುಣ್ಯಶ್ರವ.

ಇಷ್ಟು ಭಾರವಾದ ಹೆಸರುಗಳನ್ನು ಮನೆಯಲ್ಲಿ ಯಾರೂ ಪೂರ್ತಿ ಕರೆಯುವುದಿಲ್ಲ. ಕೃಷ್ಣಮೂರ್ತಿ ಕಿಟ್ಟಿಯಾಗುವಂತೆ ವೊಯ್ಚೆಖ್ ವೊಯ್ಟೆಕ್ ಆಗುತ್ತಾನೆ, ಸ್ಟಾನಿಸ್ವಾಫ್ ಸ್ಟಾಶೆಕ್ ಆಗುತ್ತಾನೆ. ನಾವು ‘ರಾಮಾ’ ಎಂದು ಎಳೆದು ಕೂಗುವಂತೆ, ಕರೆಯುವಾಗ ಪೋಲಿಷರಲ್ಲೂ ಹೆಸರಿನ ಕೊನೆ ಬದಲಾಗುತ್ತದೆ. ಆ ಮೇ 8ರ ಸಂಜೆ ಕೆಳಮನೆಯ ಅಜ್ಜಿ ಕಿಟಕಿಯಿಂದ ಬಗ್ಗಿ, ಅಂಗಳದಲ್ಲಿ ಚೆಂಡಾಡುತ್ತಿದ್ದ ಮೊಮ್ಮಗನನ್ನು ಕೇಕ್ ತಿನ್ನಲು ಕೂಗಿದ್ದು ಮೂರು ಸಲ: ಸ್ಟಾಶ್ಕು, ಸ್ಟಾಶ್ಕು, ಸ್ಟಾಶ್ಕು.