ಜೀಪಿನ ಅಡಿಗೆ ಕೋಟಿಂಗ್ ಹೊಡೆಯಲು ಯಾವ ಗನ್ ತಗೊಳ್ಳಬೇಕು?

ಕಾಫಿ ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ ಸಿಗುವ ಒಣ ದಿನಗಳಲ್ಲೇ ಗಾಡಿಯ ಅಡಿಗೆ ತುಕ್ಕು ತಡೆಯುವ ಕೋಟಿಂಗ್ ಹೊಡೆದುಕೊಳ್ಳಬೇಕು. ಜೂನ್ ಬಂತು ಅಂದ್ರೆ ಮುಗೀತು, ಸೆಪ್ಟೆಂಬರ್ ತನಕ ಜೀಪು ಸರಿಯಾಗಿ ಒಣಗುವುದೇ ಇಲ್ಲ. ಮನೆಯಲ್ಲೇ ಹೊಡೆದುಕೊಳ್ಳೋಣ ಅನ್ನುವವರು ಮೊದಲು ಕೇಳುವುದು ಯಾವ ಸ್ಪ್ರೇ ಗನ್ ಒಳ್ಳೇದು ಅಂತ. ಅಂಗಡಿಯಲ್ಲೂ ಮೊದಲು ಕಂಪ್ರೆಸರ್ ತೋರಿಸುತ್ತಾರೆ, ಆಮೇಲೆ ಗನ್, ಕೊನೆಗೆ ಕೋಟಿಂಗ್ ಡಬ್ಬ. ಇದು ಪೂರ್ತಿ ತಿರುಗಾಮುರುಗಾ. ಏನು ಹೊಡೆಯುತ್ತೀರಿ ಅನ್ನೋದು ಮೊದಲು ತೀರ್ಮಾನ ಆಗಲಿ. ಅದಕ್ಕೆ ತಕ್ಕ ಗನ್, ಆ ಗನ್ನಿಗೆ ಸಾಲುವಷ್ಟು ಗಾಳಿ ಕೊಡುವ ಕಂಪ್ರೆಸರ್. ಈ ಕ್ರಮದಲ್ಲಿ ಹೋದರೆ ದುಡ್ಡು ದಂಡ ಆಗಲ್ಲ.

ನಮ್ಮ ಕೊಡಗಿನ ಗಾಡಿಗಳಿಗೆ ತುಕ್ಕು ಹಿಡಿಸುವ ಕಡಲ ಗಾಳಿ ತಾಗುವುದಿಲ್ಲ, ನಿಜ. ಆದರೆ ಮಡಿಕೇರಿ, ಭಾಗಮಂಡಲ ಕಡೆ 100 ಇಂಚು ದಾಟುವ ಮಳೆ, ಅದರ ಜೊತೆ ಕೆಸರು. ಸಾಲದು ಅಂತ ಅದೇ ಪಿಕಪ್ಪಿನಲ್ಲಿ ಪೊಟ್ಯಾಷ್ ಗೊಬ್ಬರದ ಮೂಟೆ, ಮೈಲುತುತ್ತ (ತಾಮ್ರದ ಸಲ್ಫೇಟ್) ಎಲ್ಲ ಹೇರುತ್ತೇವೆ. ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಉಪ್ಪಿನ ಜಾತಿಯದೇ. ಮೈಲುತುತ್ತದ ಕೆಲಸವನ್ನಂತೂ ತೋಟದವರೆಲ್ಲ ಕಣ್ಣಾರೆ ನೋಡಿದ್ದೇವೆ. ಮೈಲುತುತ್ತಕ್ಕೆ ಸುಣ್ಣ ಬೆರೆಸಿ ಗಿಡಕ್ಕೆ ಹೊಡೆಯುವ ಬೋರ್ಡೋ ಮದ್ದು ಮಾಡುವಾಗ ಸುಣ್ಣ ಸಾಕಾಯ್ತಾ ಅಂತ ನೋಡಲು ಕತ್ತಿಯ ಅಲಗು ಅದ್ದುತ್ತೇವಲ್ಲ, ಸುಣ್ಣ ಕಮ್ಮಿ ಇದ್ದರೆ ಅಲಗಿನ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ತಾಮ್ರ ಕೂತ ಜಾಗದಲ್ಲಿ ಕಬ್ಬಿಣ ಕರಗಿ ಹೋಗಿರುತ್ತದೆ. ಪಿಕಪ್ಪಿನ ತಳದಲ್ಲಿ ಚೆಲ್ಲಿದ ಮೈಲುತುತ್ತಕ್ಕೆ ಮಳೆನೀರು ಸೇರಿ ಚಾಸಿಯ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿನ) ಸಂದಿಗೆ ಇಳಿದರೆ ಅಲ್ಲೂ ನಡೆಯುವುದು ಇದೇ.

ಇಳಿದದ್ದು ಎಲ್ಲಿ ನಿಲ್ಲುತ್ತದೆ ನೋಡಿ. ಚಾಸಿಯ ಟೊಳ್ಳು ಭಾಗದ ಒಳಗೆ, ಬಾಗಿಲ ಕೆಳಗಿನ ಪೆಟ್ಟಿಗೆಯೊಳಗೆ, ಎರಡು ತಗಡು ಸೇರುವ ಮಡಿಕೆಯಲ್ಲಿ. ಹೊರಗೆ ಪೇಂಟ್ ಉಬ್ಬಿದ್ದು ಕಾಣುವಷ್ಟರಲ್ಲಿ ಒಳಗೆ ಅರ್ಧ ತಿಂದಿರುತ್ತದೆ. ಸ್ಕ್ರೂ ಡ್ರೈವರ್‌ನಲ್ಲಿ ಒಂದು ಸಲ ತಟ್ಟಿ ನೋಡಿ, ಗಟ್ಟಿ ತಗಡು ಟಣ್ ಅನ್ನುತ್ತದೆ, ಕೊಳೆತದ್ದು ಮೊಂಡಾಗಿ ಸದ್ದು ಮಾಡುತ್ತದೆ. ಹಾಗಾಗಿ ಆ ಟೊಳ್ಳಿನ ಒಳಗೆ ಹೋಗಲಾರದ ಗನ್ ನಮ್ಮ ಊರಿಗೆ ಅರ್ಧ ಗನ್ ಅಷ್ಟೇ.

ಈಗ ಕೋಟಿಂಗ್. ಬಿಟುಮಿನ್ ಅಥವಾ ರಬ್ಬರ್ ಸೇರಿದ ಕಪ್ಪು, ದಪ್ಪ ಕೋಟಿಂಗ್ ಎಲ್ಲ ಕಡೆ ಸಿಗುತ್ತದೆ. ಕಲ್ಲೇಟು ತಡೆಯುತ್ತದೆ, ಸದ್ದು ಕಡಿಮೆ ಮಾಡುತ್ತದೆ, ಚಕ್ರದ ಮೇಲಿನ ಕಮಾನಿಗೆ ಒಳ್ಳೆಯದು. ಆದರೆ ತುಕ್ಕಿನ ಮೇಲೆ ಹೊಡೆದರೆ, ಇಲ್ಲ ಒಂದು ಕಡೆ ಬಿರುಕು ಬಿಟ್ಟರೆ, ನೀರು ಅದರ ಹಿಂದೆ ಸೇರಿಕೊಂಡು ಹೊರಗೆ ಬರುವುದೇ ಇಲ್ಲ. ಮೇಣದ ಕೋಟಿಂಗ್ ಮತ್ತು ಲ್ಯಾನೋಲಿನ್ (ಕುರಿ ಉಣ್ಣೆಯ ಜಿಡ್ಡು) ಅಥವಾ ಎಣ್ಣೆ ಆಧಾರದ ತೆಳು ಕೋಟಿಂಗ್ ಸಂದಿಗೆ ಹರಿದು ಹೋಗುತ್ತವೆ. ಎಣ್ಣೆಯದು ಮಳೆಗೆ ತೊಳೆದು ಹೋಗುವುದರಿಂದ ವರ್ಷ ವರ್ಷ ಮತ್ತೆ ಹೊಡೆಯಬೇಕು. ಹಳೇ ಗಾಡಿಗೆ ನಾನು ಹೇಳುವುದು: ಟೊಳ್ಳಿಗೆ ಮೇಣ ಅಥವಾ ಲ್ಯಾನೋಲಿನ್, ತುಕ್ಕು ಉಜ್ಜಿ ಪ್ರೈಮರ್ ಹಾಕಿದ ಕಮಾನಿಗೆ ಮಾತ್ರ ಕಪ್ಪು ಕೋಟಿಂಗ್. ಹಳೇ ಇಂಜಿನ್ ಆಯಿಲ್‌ಗೆ ಡೀಸೆಲ್ ಬೆರೆಸಿ ಹೊಡೆಯುವ ರೂಢಿ ಇದೆ, ದಯವಿಟ್ಟು ಬೇಡ. ರಬ್ಬರ್ ಬುಷ್ ಉಬ್ಬುತ್ತವೆ. ಆ ಆಯಿಲ್ ತೊಟ್ಟಿಕ್ಕಿ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ ಹೋಗುತ್ತದೆ, ನಮ್ಮ ತೋಡುಗಳ ನೀರು ಎಲ್ಲಿಗೆ ಸೇರುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಗನ್ ವಿಷಯಕ್ಕೆ ಬರೋಣ. ಪೇಂಟ್ ಹೊಡೆಯುವ ಗನ್ ಆಗಲ್ಲ. ಅದರ ನಾಝಲ್ 1.3, 1.4 ಮಿಲಿಮೀಟರ್ ಇರುತ್ತದೆ, ದಪ್ಪ ಕೋಟಿಂಗ್ ಕಟ್ಟಿಕೊಳ್ಳುತ್ತದೆ. ತೋಟದ ಮದ್ದು ಹೊಡೆಯುವ ಸ್ಪ್ರೇಯರ್ ಇದೆಯಲ್ಲ ಅಂತ ಕೇಳುವವರಿದ್ದಾರೆ. ಕೋಟಿಂಗಿನ ಸಾಲ್ವೆಂಟ್ ಅದರ ವಾಷರ್‌ಗಳನ್ನು ತಿನ್ನುತ್ತದೆ, ಉಳಿದ ಜಿಡ್ಡು ಆಮೇಲೆ ಕಾಫಿ ಗಿಡದ ಮೇಲೆ ಬೀಳುತ್ತದೆ. ಸ್ಪ್ರೇ ಡಬ್ಬಿಗಳು ಸಣ್ಣ ರಿಪೇರಿಗೆ ಸಾಕು, ಇಡೀ ಜೀಪಿಗೆ ದುಬಾರಿ.

ಮನೆ ಬಳಕೆಗೆ ಉಳಿಯುವುದು ಎರಡು. ಒಂದು ಶುಟ್ಜ್ ಗನ್, 1 ಲೀಟರ್ ಬಾಟಲಿಗೆ ನೇರ ತಿರುಗಿಸಿ ಹಾಕುವಂಥದ್ದು. ಅಗ್ಗ, ಗಟ್ಟಿಮುಟ್ಟು, ಕಪ್ಪು ಕೋಟಿಂಗ್‌ಗೆ ಹೇಳಿ ಮಾಡಿಸಿದ್ದು. ಇನ್ನೊಂದು, ಡಬ್ಬಿಯೊಳಗೇ ಗಾಳಿ ಒತ್ತಡ ಕೊಟ್ಟು ತಳ್ಳುವ ಗನ್, ಜೊತೆಗೆ ಬಳುಕುವ ಉದ್ದ ನಳಿಕೆ, ತುದಿಯಲ್ಲಿ ಸುತ್ತಲೂ ಚಿಮ್ಮುವ ನಾಝಲ್. ಒಂದನ್ನೇ ಕೊಳ್ಳುವುದಾದರೆ ಎರಡನೆಯದನ್ನೇ ತಗೊಳ್ಳಿ, ಬೆಲೆ ಜಾಸ್ತಿ ಆದರೂ ಪರವಾಗಿಲ್ಲ. ನಳಿಕೆಯನ್ನು ಚಾಸಿಯ ತೂತಿನಿಂದ ಕೊನೆತನಕ ತೂರಿಸಿ, ಟ್ರಿಗರ್ ಒತ್ತಿ, ನಿಧಾನಕ್ಕೆ ಹಿಂದಕ್ಕೆ ಎಳೆಯುತ್ತಾ ಬರಬೇಕು. ಮಡಿಕೆಗಳಲ್ಲಿ ಮೇಣ ತೊಟ್ಟಿಕ್ಕಲು ಶುರುವಾದರೆ ಒಳಗೆ ತಲುಪಿದೆ ಅಂತ ಅರ್ಥ. ಗಾಳಿಯಿಲ್ಲದೆ ಕೋಟಿಂಗನ್ನೇ ಭಾರೀ ಒತ್ತಡದಲ್ಲಿ ತಳ್ಳುವ ಏರ್‌ಲೆಸ್ ಪಂಪ್ ದೊಡ್ಡ ವರ್ಕ್‌ಶಾಪಿನವರಿಗೆ ಇರಲಿ. ಅದರ ಒತ್ತಡಕ್ಕೆ ಕೋಟಿಂಗ್ ಚರ್ಮದೊಳಗೇ ನುಗ್ಗುತ್ತದೆ.

ಕಂಪ್ರೆಸರ್ ಕೊಳ್ಳುವಾಗ ಟ್ಯಾಂಕ್ ಗಾತ್ರ ನೋಡಿ ಮಾರುಹೋಗಬೇಡಿ. ಈ ಗನ್‌ಗಳಿಗೆ 60ರಿಂದ 90 ಪಿಎಸ್ಐ ಒತ್ತಡ ಸಾಕು, ಅಷ್ಟು ಒತ್ತಡ ಹೆಚ್ಚುಕಮ್ಮಿ ಎಲ್ಲದರಲ್ಲೂ ಬರುತ್ತದೆ. ನಿಜವಾಗಿ ಬೇಕಾದದ್ದು ನಿಮಿಷಕ್ಕೆ ಎಷ್ಟು ಗಾಳಿ ಅನ್ನುವ ಸಿಎಫ್ಎಂ ಲೆಕ್ಕ. ಚೀಟಿಯ ಮೇಲೆ ಬರೆದ ಅಂಕಿ ಎಷ್ಟೋ ಸಲ ಪಿಸ್ಟನ್ ಒಳಗೆಳೆಯುವ ಗಾಳಿಯ ಲೆಕ್ಕ, ಗನ್ನಿಗೆ ಸಿಗುವುದು ಅದಕ್ಕಿಂತ ಕಮ್ಮಿ. 2 ಎಚ್‌ಪಿ ಮೋಟಾರ್, 50 ಲೀಟರ್ ಟ್ಯಾಂಕ್ ಇದ್ದರೆ ಸ್ವಲ್ಪ ಹೊಡೆದು, ಸ್ವಲ್ಪ ಕಾದು, ಮನೆ ಕೆಲಸ ಆರಾಮಾಗಿ ಆಗುತ್ತದೆ. ಟೈರಿಗೆ ಗಾಳಿ ತುಂಬುವ 12 ವೋಲ್ಟಿನ ಪಂಪು ಇದಕ್ಕೆ ಲೆಕ್ಕಕ್ಕಿಲ್ಲ. ಅಕ್ಕಪಕ್ಕದ ಎರಡು ಮೂರು ಮನೆಯವರು ಸೇರಿ ಒಂದು ತಗೊಂಡರೂ ನಡೆಯುತ್ತದೆ, ವರ್ಷಕ್ಕೊಮ್ಮೆಯ ಕೆಲಸ ತಾನೆ.

ತೋಟದ ಮನೆಗಳಲ್ಲಿ ಇನ್ನೊಂದು ತೊಂದರೆ ವೋಲ್ಟೇಜ್. ಲೈನಿನ ಕೊನೆಯ ಮನೆಯಲ್ಲಿ, ಚಳಿ ಬೆಳಿಗ್ಗೆ, ಮೋಟಾರ್ ಗುಂಯ್ ಅನ್ನುತ್ತದೆಯೇ ಹೊರತು ತಿರುಗಲ್ಲ. ಹಾಗೇ ಬಿಟ್ಟರೆ ಸುಟ್ಟು ಹೋಗುತ್ತದೆ. ತೆಳು ವೈರಿನಲ್ಲಿ ಕರೆಂಟನ್ನು ದೂರ ಎಳೆಯಬೇಡಿ. ಕಂಪ್ರೆಸರನ್ನು ಮೀಟರ್ ಹತ್ತಿರ ಇಟ್ಟು ಗಾಳಿ ಪೈಪನ್ನೇ ಉದ್ದ ಮಾಡಿ. ನಮ್ಮ ತೇವದ ಗಾಳಿಯನ್ನು ಒತ್ತಿದರೆ ಟ್ಯಾಂಕಿನಲ್ಲಿ ನೀರು ನಿಲ್ಲುತ್ತದೆ, ಅದಕ್ಕೇ ಗನ್ ಕಡೆ ಒಂದು ವಾಟರ್ ಟ್ರ್ಯಾಪ್ ಹಾಕಿ, ಟ್ಯಾಂಕಿನ ಕೆಳಗಿನ ಕಾಕ್ ಬಿಚ್ಚಿ ನೀರು ಬಿಡಿ. ತುಕ್ಕು ತಡೆಯುವ ಕೋಟಿಂಗ್ ಜೊತೆ ನೀರೂ ಒಳಗೆ ಹೋಗಬಾರದಲ್ವಾ.

ಕಣದ ಸಿಮೆಂಟ್ ನೆಲ ಅನುಕೂಲ ಅಂತ ಅಲ್ಲೇ ಹೊಡೆಯಬೇಡಿ, ಆ ವಾಸನೆ ಮುಂದಿನ ಕಾಫಿಗೆ ಹತ್ತುತ್ತದೆ. ಬೇರೆ ಸಮತಟ್ಟು ಗಟ್ಟಿ ಜಾಗದಲ್ಲಿ ಟಾರ್ಪಾಲ್ ಹಾಸಿ. ಜಾಕಿಯೊಂದನ್ನೇ ನಂಬಿ ಅಡಿಗೆ ಹೋಗಲೇಬೇಡಿ, ಸ್ಟ್ಯಾಂಡ್ ಕೊಡಿ, ಚಕ್ರಕ್ಕೆ ಅಡ್ಡ ಇಡಿ. ಕನ್ನಡಕ ಬೇಕು, ಬಟ್ಟೆ ಮಾಸ್ಕ್ ಸಾಲದು, ಸಾಲ್ವೆಂಟ್ ಆವಿ ತಡೆಯುವ ಕಾರ್ಟ್ರಿಡ್ಜ್ ಮಾಸ್ಕ್ ಬೇಕು. ಬೀಡಿ, ಒಲೆ ಹತ್ತಿರ ಸುಳಿಯಬಾರದು. ಮೇಣ ಗಟ್ಟಿಯಾಗಿದ್ದರೆ ಡಬ್ಬಿಯನ್ನು ಬಿಸಿನೀರಿನಲ್ಲಿ ಇಡಿ, ಬೆಂಕಿಗೆ ಹಿಡಿಯಬೇಡಿ. ಸೈಲೆನ್ಸರ್, ಬ್ರೇಕ್ ಡಿಸ್ಕ್, ಡ್ರಮ್, ಸೆನ್ಸರ್‌ಗಳಿಗೆ ಮೊದಲೇ ಪ್ಲಾಸ್ಟಿಕ್ ಸುತ್ತಿ.

ಕೆಲಸ ಮುಗಿದ ಕೂಡಲೇ ನಳಿಕೆಯಲ್ಲಿ ಮಿನರಲ್ ಟರ್ಪೆಂಟೈನ್ ಹಾಯಿಸಿ, ಒಣಗಿದರೆ ಆ ನಾಝಲ್ ಬಿಸಾಡಬೇಕಾಗುತ್ತದೆ. ಸುತ್ತಿದ ಪ್ಲಾಸ್ಟಿಕ್ ಬಿಚ್ಚಿ. ಬಾಗಿಲ ಕೆಳಗೆ, ಚಾಸಿಯಲ್ಲಿ ನೀರು ಹೋಗುವ ಸಣ್ಣ ತೂತುಗಳಿರುತ್ತವೆ, ಒಂದೊಂದಕ್ಕೂ ತಂತಿ ಹಾಕಿ ಮೇಣ ಕಟ್ಟಿಲ್ಲ ಅಂತ ನೋಡಿಕೊಂಡ ಮೇಲೆಯೇ ಗಾಡಿ ಇಳಿಸಿ.