ಹಂಚಿನ ಕಾರ್ಖಾನೆಯಲ್ಲಿ ಸ್ಟುಡಿಯೊ: ಮಾಡು, ಬೆಳಕು, ಅಟ್ಟ

ಮಂಗಳೂರಿನ ನೇತ್ರಾವತಿ ಹೊಳೆಬದಿಯ ಮುಚ್ಚಿದ ಹಂಚಿನ ಕಾರ್ಖಾನೆಯ ಒಂದು ಶೆಡ್ಡನ್ನು ನಾವು ಕೆಲವರು ಸೇರಿ ಬಾಡಿಗೆಗೆ ಹಿಡಿದಿದ್ದೇವೆ. ಈ ಸಲದ ಕೆಲಸ ಬಹುಪಾಲು ಮಾಡಿನದ್ದೇ, ಅಂದರೆ ಛಾವಣಿಯದ್ದೇ.

ಮರ ನಾವು ಹೆದರಿದಷ್ಟು ಕೆಟ್ಟಿಲ್ಲ. ಪಕ್ಕಾಸುಗಳಿಗೆ (ಮಾಡಿನ ಇಳಿಜಾರು ತೊಲೆಗಳಿಗೆ) ಒಂದು ಮೂಲೆಯಲ್ಲಷ್ಟೇ ಒರಲೆ ಹಿಡಿದಿತ್ತು. ಹಂಚು ಕೂರುವ ರೀಪುಗಳು ಮಾತ್ರ ಹೆಚ್ಚುಕಡಿಮೆ ಪೂರ್ತಿ ಹೊಸವು. ಹಂಚು ಇಳಿಸುವಾಗ ಪ್ರತಿಯೊಂದನ್ನೂ ಮಗುಚಿ ಕಂಪೆನಿಯ ಮುದ್ರೆ ನೋಡುವುದು ಎಲ್ಲರಿಗೂ ಚಟವಾಗಿ ಕೆಲಸ ನಿಧಾನವಾಯಿತು. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಪ್ಲೆಬ್ಸ್ಟ್ ಶುರುಮಾಡಿದ ಹಂಚಿನ ಉದ್ಯಮ ಊರಲ್ಲಿ ಎಷ್ಟು ಹಬ್ಬಿತ್ತೆಂದರೆ, ರಿಪೇರಿಗೆ ಬಂದವರು ಕೈಗೆ ಸಿಕ್ಕ ಕಂಪೆನಿಯ ಹಂಚನ್ನು ಏರಿಸಿಬಿಟ್ಟಿದ್ದಾರೆ.

ಬೆಳಕಿನ ವಿಷಯಕ್ಕೆ ದೊಡ್ಡ ಚರ್ಚೆಯೇ ಆಯಿತು. ಚಿತ್ರ ಬರೆಯುವವರಿಗೆ ಉತ್ತರದ ಬೆಳಕೇ ಬೇಕು, ಅದು ಸ್ಥಿರ ಎಂಬುದು ಚಳಿದೇಶದ ಲೆಕ್ಕ. ಮಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ, ಆಗ ಉತ್ತರದಿಂದಲೂ ನೇರ ಬಿಸಿಲೇ. ಜೂನ್ ಬಂದರೆ ಮೋಡ ಕಾಪಾಡುತ್ತದೆ, ಮೇ ತಿಂಗಳದ್ದೇ ತಾಪತ್ರಯ. ಕೊನೆಗೆ ಉತ್ತರದ ಇಳಿಜಾರಿನಲ್ಲಿ ಅಲ್ಲಲ್ಲಿ ಗಾಜಿನ ಹಂಚು ಕೂರಿಸಿ, ಬೇಸಿಗೆಗೆ ಕೆಳಗೆ ಬಿಳಿ ಬಟ್ಟೆ ಎಳೆಯುವುದೆಂದು ಒಪ್ಪಿದೆವು.

ಗೋಡೆ ಮುರಕಲ್ಲಿನದು, ಅಂದರೆ ಕೆಂಪುಕಲ್ಲಿನದು. ಉದುರಿದ ಸಿಮೆಂಟನ್ನು ಕೆರೆದು ಸುಣ್ಣದ ಗಾರೆ ಹಾಕಿಸುತ್ತಿದ್ದೇವೆ. ಸಿಮೆಂಟು ತೇವವನ್ನು ಒಳಗೇ ಕಟ್ಟಿಹಾಕುತ್ತದೆ. ಹಿಂದಿನ ಚಾವಡಿಯ ಆಸ್‌ಬೆಸ್ಟಾಸ್ ಶೀಟುಗಳನ್ನು ಕೊರೆಯದೆ, ಮುರಿಯದೆ, ನೀರು ಚಿಮುಕಿಸಿ ಇಡಿಯಾಗಿ ಇಳಿಸಿದ್ದಾಯಿತು.

ನನ್ನ ಮಟ್ಟಿಗೆ ಈ ಕಟ್ಟಡದ ನಿಜವಾದ ಆಸ್ತಿ ಅಟ್ಟ. ಅದನ್ನು ಕಿತ್ತು ಎತ್ತರದ ಗ್ಯಾಲರಿ ಮಾಡೋಣ ಎಂಬ ಸಲಹೆ ಜೋರಾಗಿಯೇ ಇತ್ತು. ಹಿಂದೆ ಇಂಥದೇ ಕಾರ್ಖಾನೆಯಲ್ಲಿ ದುಡಿದ ಪಕ್ಕದ ಮನೆಯ ಅಕ್ಕ ಬಂದು ನೋಡಿ, "ಅದನ್ನು ತೆಗೀಬೇಡಿ ಮಾರಾಯ್ರೆ, ಮಳೆಗಾಲದಲ್ಲಿ ಹಸಿ ಹಂಚು ಒಣಗುತ್ತಿದ್ದದ್ದೇ ಅಲ್ಲಿ" ಎಂದರು. ಕೆಳಗೆ ಭಟ್ಟಿ, ಮೇಲೆ ಸಂದುಬಿಟ್ಟ ಹಲಗೆ. ವ್ಯರ್ಥವಾಗುವ ಬಿಸಿ ಒಣಗಿಸುವ ಕೆಲಸಕ್ಕೆ. ಆಟಿ (ಆಷಾಢದ ಹೊತ್ತಿನ ತುಳು ತಿಂಗಳು) ಬಂದರೆ ಬಟ್ಟೆಯೇ ಒಣಗದ ಊರಲ್ಲಿ ಮಣ್ಣಿನ ಹೂಜಿ ಒಣಗಬೇಕಾದರೆ ಇದಕ್ಕಿಂತ ಉಪಾಯ ಬೇರೆ ಇಲ್ಲ. ನಮ್ಮ ಚಿಕ್ಕ ಕರೆಂಟಿನ ಭಟ್ಟಿಯನ್ನು ಮರದಿಂದ ದೂರವಿಟ್ಟು, ಅದರ ಬಿಸಿಗಾಳಿ ಅಟ್ಟಕ್ಕೆ ಏರುವ ಹಾಗೆ ಕೊಳವೆ ಎಳೆಯುವ ನಕ್ಷೆ ಆಗಿದೆ. ಹೊಳೆಬದಿಯ ಕೆಂಪು ಮಣ್ಣಿಗೆ 1000 ಡಿಗ್ರಿ ಆಸುಪಾಸಿನ ಉರಿ ಸಾಕು. ಹೆಚ್ಚು ಉರಿಯಲ್ಲಿ ಸುಡುವ ಗಟ್ಟಿ ಪಿಂಗಾಣಿಯಂಥ ಸ್ಟೋನ್‌ವೇರ್‌ನಷ್ಟು ಕಾಯಿಸಿದರೆ ಅದು ಕುಸಿದುಬಿಡುತ್ತದೆ.

ಜಾಗ ಹಂಚುವುದು ಇನ್ನೂ ಬಗೆಹರಿದಿಲ್ಲ. ಅಚ್ಚಿನ ಪ್ರೆಸ್ಸು ಭಾರ, ನೆಲದಲ್ಲೇ ಇರಬೇಕು. ಯಕ್ಷಗಾನದ ಕಿರೀಟ ಕಟ್ಟುವವರೊಬ್ಬರು ಸೇರಿದ್ದಾರೆ, ಅವರ ಮಿಂಚುಕಾಗದಕ್ಕೆ ಮಣ್ಣಿನ ಧೂಳು ಶತ್ರು. ಆ ಧೂಳು ಶ್ವಾಸಕೋಶಕ್ಕೂ ಕೆಟ್ಟದ್ದು, ಹಾಗಾಗಿ ಮಣ್ಣಿನ ಕಡೆ ಪೊರಕೆ ನಿಷಿದ್ಧ, ಒದ್ದೆ ಬಟ್ಟೆಯಲ್ಲಿ ಒರೆಸುವುದಷ್ಟೇ. ನಡುವೆ ಗೋಡೆ ಬೇಕೋ ಪರದೆ ಸಾಕೋ ಎಂಬುದನ್ನು ತ್ರೀ ಫೇಸ್ ವೈರಿಂಗ್ ಎಳೆಯುವ ಮೊದಲು ತೀರ್ಮಾನಿಸಬೇಕು.