ಎಳೆಯುವ ಲೆಕ್ಕಕ್ಕಿಂತ ಮೊದಲು ಹೊರುವ ಲೆಕ್ಕ

ಅಮೆರಿಕದಲ್ಲಿ ಟ್ರಾವೆಲ್ ಟ್ರೈಲರ್ (ಗಾಡಿಯ ಹಿಂದೆ ಕಟ್ಟಿ ಎಳೆದೊಯ್ಯುವ ಪುಟ್ಟ ಮನೆ) ಕೊಳ್ಳಲು ಹೊರಟವರು ಪಿಕಪ್ ನೋಡುವಾಗ ಮೊದಲು ಕೇಳುವುದು "ಇದು ಎಷ್ಟು ಎಳೆಯುತ್ತೆ?" ಎಂದು. ಡೀಲರ್ ಬಾಯಲ್ಲಿ ಉತ್ತರ ರೆಡಿ ಇರುತ್ತದೆ: ಹನ್ನೊಂದು ಸಾವಿರದ ಮುನ್ನೂರು ಪೌಂಡ್. ಕೇಳಬೇಕಾದದ್ದು "ಇದು ಎಷ್ಟು ಹೊರುತ್ತೆ?" ಎಂದು. ಅದರ ಉತ್ತರ ಡೀಲರ್ ಹತ್ತಿರ ಇರುವುದಿಲ್ಲ, ಡ್ರೈವರ್ ಬಾಗಿಲು ತೆಗೆದರೆ ಕಾಣುವ ಸ್ಟಿಕರ್ ಮೇಲೆ ಇರುತ್ತದೆ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು ಅಲ್ಲಿ ಬರೆದಿರುವುದೇ ಪೇಲೋಡ್. ಒಂದೇ ಮಾಡೆಲ್, ಒಂದೇ ಎಂಜಿನ್ ಇದ್ದರೂ ಗಾಡಿಯಿಂದ ಗಾಡಿಗೆ ಇದು ಬದಲಾಗುತ್ತದೆ. ಸನ್‌ರೂಫ್, ಲೆದರ್ ಸೀಟು, ಇಪ್ಪತ್ತು ಇಂಚಿನ ವೀಲು, ಕರೆಂಟಿನಲ್ಲಿ ಇಳಿಯುವ ಮೆಟ್ಟಿಲು ಎಲ್ಲವೂ ಈ ಅಂಕಿಯನ್ನೇ ತಿನ್ನುತ್ತವೆ. ಹಾಗಾಗಿ ದುಬಾರಿ ಟ್ರಿಮ್‌ನ ಗಾಡಿ ಹೊರುವುದು ಸಾಮಾನ್ಯವಾಗಿ ಕಡಿಮೆಯೇ.

ಒಂದು ಲೆಕ್ಕ ಹಾಕೋಣ. ಸ್ಟಿಕರ್ 1,480 ಪೌಂಡ್ ಎನ್ನುತ್ತದೆ. ದೊಡ್ಡವರಿಬ್ಬರು, ಮಕ್ಕಳಿಬ್ಬರು ಸೇರಿ 480. ಹಿಂದಿನ ಬೆಡ್‌ನಲ್ಲಿ ಕೂಲರ್, ಗ್ರಿಲ್, ಟೂಲ್ಸ್ ಸೇರಿ 120. ವೆಯ್ಟ್ ಡಿಸ್ಟ್ರಿಬ್ಯೂಶನ್ ಹಿಚ್ (ಟ್ರೈಲರನ್ನು ಗಾಡಿಗೆ ಕಟ್ಟುವ, ಭಾರ ಹಂಚುವ ಕೊಂಡಿ) ತಾನೇ 90. ತುಂಬಿದ ಟ್ರೈಲರ್ 7,000 ಪೌಂಡ್ ಆದರೆ ಅದರ 13% ಹಿಚ್ ಮೇಲೆ ಕೂರುತ್ತದೆ, ಅಂದರೆ 910. ಒಟ್ಟು 1,600. ಹನ್ನೊಂದು ಸಾವಿರ ಎಳೆಯುತ್ತದೆ ಎಂದು ಕೊಂಡ ಗಾಡಿ ಏಳು ಸಾವಿರಕ್ಕೇ 120 ಪೌಂಡ್ ಮಿತಿ ಮೀರಿತು. ಹೇಳಿದ ಹಾಗೆ 11,300 ಪೌಂಡ್ ಟ್ರೈಲರ್ ಕಟ್ಟಿದರೆ ಅದರ 13% ಎಂದರೆ 1,469. ಡ್ರೈವರ್‌ಗೆ ಉಳಿಯುವುದು 11 ಪೌಂಡ್!

ಕಂಪನಿ ಸುಳ್ಳು ಹೇಳಿದೆ ಎಂದಲ್ಲ. ಎಸ್‌ಎಇ ಜೆ2807 ಎಂಬ ಮಾನದಂಡದ ಪ್ರಕಾರ ಪರೀಕ್ಷೆ ನಡೆಯುತ್ತದೆ. ಅರಿಜೋನಾದ ಡೇವಿಸ್ ಡ್ಯಾಮ್ ಏರನ್ನು ಸುಡುಬಿಸಿಲಲ್ಲಿ ಏಸಿ ಹಾಕಿಕೊಂಡೇ ನಿಗದಿತ ವೇಗ ಬಿಡದೆ ಹತ್ತಬೇಕು. ಆದರೆ ಆ ಲೆಕ್ಕದಲ್ಲಿ ಗಾಡಿಯೊಳಗೆ ತಲಾ 150 ಪೌಂಡಿನ ಇಬ್ಬರು ಮಾತ್ರ, ಹಿಚ್ ಮೇಲೆ 10% ಭಾರ ಮಾತ್ರ. ಸಂಸಾರ ಸಮೇತ ಹೊರಟವರಿಗೆ ಅದು ಹೊಂದುವುದಿಲ್ಲ.

ಟ್ರೈಲರ್ ಬ್ರೋಶರಿನ "ಡ್ರೈ ವೆಯ್ಟ್" ಕೂಡ ಮರೆತುಬಿಡುವ ಅಂಕಿ. ನೀರು ಗ್ಯಾಲನ್ನಿಗೆ 8.34 ಪೌಂಡ್, 40 ಗ್ಯಾಲನ್ ಟ್ಯಾಂಕ್ ತುಂಬಿದರೆ 334. ತುಂಬಿದ ಎರಡು ಪ್ರೊಪೇನ್ ಸಿಲಿಂಡರ್ 75ರ ಹತ್ತಿರ. ಬ್ಯಾಟರಿ, ಹಾಸಿಗೆ, ಪಾತ್ರೆ, ಅಕ್ಕಿ ಮೂಟೆ, ಕುಕ್ಕರ್, ಕೆಲವರಿಗೆ ಹಿಟ್ಟು ರುಬ್ಬುವ ಗ್ರೈಂಡರ್ ಕೂಡ ಬೇಕು. ಡ್ರೈ ವೆಯ್ಟ್ ಮೇಲೆ ಸಾವಿರ ಪೌಂಡ್ ಏರುವುದು ಕಷ್ಟವೇನಲ್ಲ. ಲೆಕ್ಕಕ್ಕೆ ಯಾವಾಗಲೂ ಟ್ರೈಲರಿನ ಜಿವಿಡಬ್ಲ್ಯುಆರ್, ಅಂದರೆ ತುಂಬಿದಾಗಿನ ಗರಿಷ್ಠ ತೂಕವನ್ನೇ ಹಿಡಿದರೆ ಮೋಸ ಹೋಗುವುದಿಲ್ಲ.

ಹಾಗಾದರೆ ಹಿಚ್ ಮೇಲಿನ ಭಾರವನ್ನೇ ಕಡಿಮೆ ಮಾಡಿದರಾಯಿತಲ್ಲ? ಎತ್ತಿನ ಗಾಡಿ ಹೂಡಿದವರಿಗೆ ಇದರ ಉತ್ತರ ಗೊತ್ತು. ಹಿಂಭಾರವಾದರೆ ಮೂಕಿ ಮೇಲೆದ್ದು ನೊಗ ಎತ್ತುಗಳ ಕುತ್ತಿಗೆ ಬಿಡುತ್ತದೆ, ಮುಂಭಾರವಾದರೆ ಎತ್ತು ಕುಸಿಯುತ್ತದೆ. ಟ್ರೈಲರಿನಲ್ಲಿ ಟಂಗ್ ಭಾರ, ಅಂದರೆ ಹಿಚ್ ಮೇಲೆ ಕೂರುವ ಭಾರ, 10%ಕ್ಕಿಂತ ಇಳಿದರೆ 60 ಮೈಲಿ ವೇಗದಲ್ಲಿ ಒಂದು ಸೆಮಿ ಟ್ರಕ್ ಪಕ್ಕದಲ್ಲಿ ಹಾದು ಹೋದರೆ ಸಾಕು, ಬಾಲ ಅಲ್ಲಾಡಲು ಶುರುವಾಗುತ್ತದೆ. ಅದು ಜೋರಾದರೆ ಗಾಡಿಯನ್ನೇ ಮಗುಚುತ್ತದೆ. 10ರಿಂದ 15%ರ ನಡುವೆ, 12–13ರ ಆಸುಪಾಸು ಇರಲಿ. ಹಿಂದಿನ ಬಂಪರಿಗೆ ನಾಲ್ಕು ಸೈಕಲ್ ನೇತುಹಾಕುವುದು ಕೆಟ್ಟ ಕೆಲಸ. ಆಕ್ಸಲ್‌ನಿಂದ ಅಷ್ಟು ದೂರದ ಇನ್ನೂರು ಪೌಂಡ್ ಟಂಗ್ ಭಾರವನ್ನು ಎತ್ತಿಬಿಡುತ್ತದೆ. ನೀರಿನ ಟ್ಯಾಂಕ್ ಆಕ್ಸಲ್‌ನ ಹಿಂದಿದೆಯೋ ಮುಂದಿದೆಯೋ ಎಂದೂ ನೋಡಿಕೊಳ್ಳಿ.

ಗಾಡಿಯ ಹಿಂದೆ ಹಿಚ್ ಸಿಕ್ಕಿಸುವ ರಿಸೀವರ್ ಮೇಲೆ ಇನ್ನೊಂದು ಸ್ಟಿಕರ್ ಇರುತ್ತದೆ, ಅದನ್ನು ಓದಲು ನೆಲದ ಮೇಲೆ ಮಲಗಬೇಕಾಗುತ್ತದೆ. ಫೋರ್ಡ್ ಎಫ್-150ರ ಹಲವು ವರ್ಷಗಳ ಗಾಡಿಗಳಲ್ಲಿ ಬರೀ ಬಾಲ್ ಮೌಂಟ್‌ಗೆ (ಭಾರ ಹಂಚದ ಸಾದಾ ಕೊಂಡಿಗೆ) 5,000 ಪೌಂಡ್ ಟ್ರೈಲರ್, 500 ಪೌಂಡ್ ಟಂಗ್ ಎಂದಷ್ಟೇ ಇದೆ. ಅದರ ಮೇಲೆ ಹೋಗಬೇಕಾದರೆ ವೆಯ್ಟ್ ಡಿಸ್ಟ್ರಿಬ್ಯೂಶನ್ ಹಿಚ್ ಕಡ್ಡಾಯ. ಅದರ ಸ್ಪ್ರಿಂಗ್ ಬಾರ್‌ಗಳು ಹಿಂದಿನ ಅಚ್ಚಿನ ಭಾರವನ್ನು ಸ್ವಲ್ಪ ಮುಂದಿನ ಅಚ್ಚಿಗೂ ಸ್ವಲ್ಪ ಟ್ರೈಲರ್ ಅಚ್ಚಿಗೂ ಹಂಚುತ್ತವೆ. ಮುಂದಿನ ವೀಲ್ ಆರ್ಚ್ ಎತ್ತರವನ್ನು ಮೂರು ಸಲ ಅಳೆಯಿರಿ: ಟ್ರೈಲರ್ ಇಲ್ಲದೆ, ಬಾರ್ ಹಾಕದೆ ಕಟ್ಟಿ, ಬಾರ್ ಹಾಕಿ. ಮುಂಭಾಗ ಎಷ್ಟು ಎದ್ದಿತ್ತೋ ಅದರಲ್ಲಿ ಎಷ್ಟು ಪಾಲು ವಾಪಸ್ ಇಳಿಯಬೇಕು ಎಂದು ಮ್ಯಾನ್ಯುಯಲ್ ಹೇಳುತ್ತದೆ, ಎಫ್-150ಗೆ ಅರ್ಧ. ಅದನ್ನೂ ಮೀರಿ ಬಿಗಿದರೆ ಹಿಂದಿನ ಟೈರ್ ಹಗುರಾಗಿ ತಿರುವಿನಲ್ಲಿ ಜಾರುತ್ತದೆ. ಈ ಹಿಚ್ ಪೇಲೋಡನ್ನು ಹೆಚ್ಚಿಸುತ್ತದೆ ಎಂದು ಮಾರುವವರು ಹೇಳಿದರೆ ನಂಬಬೇಡಿ, ಸ್ಟಿಕರ್ ಅಂಕಿ ಅಲ್ಲೇ ಇರುತ್ತದೆ.

ಈಗ ಗೇರಿನ ವಿಷಯ. ಆಕ್ಸಲ್ ರೇಶಿಯೊ ಎಂದರೆ ಚಕ್ರ ಒಂದು ಸುತ್ತು ತಿರುಗಲು ಡ್ರೈವ್‌ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಎಂಬುದು. ಅಂಕಿ ದೊಡ್ಡದಾದಷ್ಟೂ ಚಕ್ರಕ್ಕೆ ಬಲ ಹೆಚ್ಚು, ಅದೇ ವೇಗಕ್ಕೆ ಎಂಜಿನ್ ಸುತ್ತೂ ಹೆಚ್ಚು. ರಾಮ್ 1500 ಒಳ್ಳೆಯ ಉದಾಹರಣೆ. 2019ರ ಮಾದರಿಯಲ್ಲಿ 5.7 ಲೀಟರ್ ಹೆಮಿ ಎಂಜಿನ್ನಿಗೆ 3.21, 3.55, 3.92 ಎಂಬ ಮೂರು ಆಯ್ಕೆಗಳಿದ್ದವು. 3.21ಕ್ಕೂ 3.92ಕ್ಕೂ ಎಳೆಯುವ ರೇಟಿಂಗಿನಲ್ಲಿ ಸುಮಾರು 3,000 ಪೌಂಡ್ ಅಂತರ. ಎಂಜಿನ್ ಅದೇ, ಎಂಟು ಸ್ಪೀಡಿನ ಗೇರ್‌ಬಾಕ್ಸೂ ಅದೇ.

"ಎಂಟು ಗೇರ್ ಇರುವಾಗ ಆಕ್ಸಲ್ ಯಾಕೆ ಮುಖ್ಯ, ಒಂದು ಗೇರ್ ಇಳಿಸಿದರಾಯಿತು" ಎನ್ನುವವರು ಬಹಳ. ಮಟ್ಟಸ ರಸ್ತೆಯಲ್ಲಿ ಅವರ ಮಾತು ಸರಿಯೇ. 3.21ರ ಗಾಡಿ ಐದನೇ ಗೇರಿನಲ್ಲಿ (1.29) ಒಟ್ಟು 4.14 ಆಗುತ್ತದೆ, 3.92ರ ಗಾಡಿ ಆರನೇ ಗೇರಿನಲ್ಲಿ (1.00) 3.92. ಹೆಚ್ಚು ಕಡಿಮೆ ಒಂದೇ. ವ್ಯತ್ಯಾಸ ಗೊತ್ತಾಗುವುದು ಏರಿನಲ್ಲಿ.

ಡೆನ್ವರಿನಿಂದ ಪಶ್ಚಿಮಕ್ಕೆ ಐ-70 ಹೆದ್ದಾರಿ ಐಸೆನ್‌ಹೋವರ್ ಸುರಂಗಕ್ಕೆ, 11,158 ಅಡಿ ಎತ್ತರಕ್ಕೆ ಹತ್ತುತ್ತದೆ. ಮೇಲಿನ ಗಾಡಿ, ಟ್ರೈಲರ್ ಎರಡೂ ಸೇರಿ 13,000 ಪೌಂಡ್ ಎನ್ನಿ. 6% ಏರಿನಲ್ಲಿ ಹಿಂದಕ್ಕೆ ಎಳೆಯುವ ಬಲ 780 ಪೌಂಡ್, ಟೈರ್ ಉರುಳುವಿಕೆಗೆ ಸುಮಾರು 150, ಅಗಲ ಮೋರೆಯ ಟ್ರೈಲರಿಗೆ 55 ಮೈಲಿ ವೇಗದಲ್ಲಿ ಆ ಎತ್ತರದ ತೆಳು ಗಾಳಿಯಲ್ಲೂ 300ರ ಹತ್ತಿರ. ಬಲವನ್ನು ವೇಗದಿಂದ ಗುಣಿಸಿ 375ರಿಂದ ಭಾಗಿಸಿದರೆ ಚಕ್ರದ ಹಾರ್ಸ್‌ಪವರ್ ಸಿಗುತ್ತದೆ: 180. ಗೇರ್‌ಬಾಕ್ಸ್, ಡಿಫರೆನ್ಷಿಯಲ್ ತಿನ್ನುವುದನ್ನು ಸೇರಿಸಿದರೆ ಎಂಜಿನ್ನಿನಲ್ಲಿ 215 ಬೇಕು.

ಹೆಮಿಯ ಶಕ್ತಿ 5,600 ಆರ್‌ಪಿಎಂನಲ್ಲಿ 395 ಹಾರ್ಸ್‌ಪವರ್, ಆದರೆ ಅದು ಸಮುದ್ರ ಮಟ್ಟದ ಮಾತು. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ 3% ಸೊರಗುತ್ತದೆ, ಸುರಂಗದ ಬಾಯಿಗೆ ಬರುವಾಗ ಮೂರರಲ್ಲಿ ಒಂದು ಪಾಲು ಹೋಗಿರುತ್ತದೆ. ಎಂಜಿನ್ ಆರ್‌ಪಿಎಂ ತಿಳಿಯಲು ಈಗ ಸೂತ್ರ ಹಾಕಿ: ವೇಗ × 336 × ಆಕ್ಸಲ್ × ಗೇರ್ ÷ ಟೈರ್ ವ್ಯಾಸ ಇಂಚಿನಲ್ಲಿ. ಟೈರ್ 31.9 ಇಂಚು. 3.92ರ ಗಾಡಿ ಮೂರನೇ ಗೇರಿನಲ್ಲಿ (2.10) 55 ಮೈಲಿಗೆ 4,770 ಆರ್‌ಪಿಎಂ ತಿರುಗುತ್ತದೆ, ಅಲ್ಲಿ ಸುಮಾರು 235 ಹಾರ್ಸ್‌ಪವರ್ ಸಿಗುತ್ತದೆ. ಸಾಕು, ಮಿಗುತ್ತದೆ. 3.21ರ ಗಾಡಿ ಅದೇ ಗೇರಿನಲ್ಲಿ 3,900, ಸಿಗುವುದು 205. ಸಾಲದು. ಎರಡನೇ ಗೇರಿಗೆ (3.14) ಇಳಿಸೋಣ ಎಂದರೆ 5,840, ಎಂಜಿನ್ ಮಿತಿಗೆ ತಲೆ ಬಡಿಯುತ್ತದೆ. ಹಾಗಾಗಿ ಅದು 45ಕ್ಕೆ ಇಳಿದು, ಎರಡನೇ ಗೇರಿನಲ್ಲಿ, ಎಡಗಡೆ ಲೇನ್ ಬಿಟ್ಟು ಸೆಮಿ ಟ್ರಕ್‌ಗಳ ಹಿಂದೆ ಸಾಲು ಸೇರುತ್ತದೆ. ಗಾಡಿ ಹತ್ತುವುದೇ ಇಲ್ಲ ಎಂದೇನಿಲ್ಲ, ಬೇಕಾದ ವೇಗಕ್ಕೆ ಬೇಕಾದ ಗೇರ್ ಅದರಲ್ಲಿ ಇಲ್ಲ, ಅಷ್ಟೆ. 4,700ರಲ್ಲಿ ಎಂಜಿನ್ ಕೂಗಿದರೆ ಹೆದರಬೇಡಿ, ಅದು ಇರುವುದೇ ಹಾಗೆ. ಹೆದರಬೇಕಾದದ್ದು ಎತ್ತರದ ಗೇರಿನಲ್ಲಿ ಕಡಿಮೆ ಸುತ್ತಿಗೆ ಉಸಿರುಕಟ್ಟಿ ಎಳೆಯುವಾಗ. ಆಗ ಎಂಜಿನ್ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಲಾಕ್ ಬಿಟ್ಟು ಜಾರುತ್ತದೆ, ಗೇರ್ ಆಯಿಲ್ ಕಾಯುತ್ತದೆ. ಟೋ/ಹಾಲ್ ಮೋಡ್ ಒತ್ತುವುದು ಇದನ್ನು ತಡೆಯಲಿಕ್ಕೇ.

ಇನ್ನೊಂದು ಕಡೆ ಗೇರ್ ಇಳಿಸುವ ಉಪಾಯವೇ ಇಲ್ಲ: ರಿವರ್ಸ್. ಕ್ಯಾಂಪ್‌ಸೈಟ್ ಏರುಮುಖವಾಗಿದ್ದು ಜಲ್ಲಿ ಮೇಲೆ ಟ್ರೈಲರನ್ನು ಹಿಂದಕ್ಕೆ ತಳ್ಳಬೇಕಾದಾಗ ಇರುವುದು ಒಂದೇ ರಿವರ್ಸ್ ಗೇರ್, ಸುಮಾರು 3.3. ಅದು 3.21 ಆಕ್ಸಲ್‌ನಲ್ಲಿ 10.6 ಆಗುತ್ತದೆ, 3.92ರಲ್ಲಿ 12.9. ಕನ್ವರ್ಟರ್ ಅತಿ ಹೆಚ್ಚು ಕಾಯುವುದು ಇಂಥ ಇಂಚಿಂಚು ಕೆಲಸದಲ್ಲೇ. ಜಲ್ಲಿ ಅಥವಾ ಹುಲ್ಲಿನ ಮೇಲಾದರೆ ಫೋರ್-ಲೋ (ನಾಲ್ಕೂ ಚಕ್ರಕ್ಕೆ ಬಲ ಕೊಡುವ ಕೆಳ ಗೇರ್) ಹಾಕಬಹುದು, ಒಣ ಡಾಂಬರಿನ ಮೇಲೆ ಸ್ಟೀರಿಂಗ್ ತಿರುಗಿಸುತ್ತಾ ಹಾಕಬಾರದು.

ಗಾಡಿಯ ರೇಶಿಯೊ ಗೊತ್ತಿಲ್ಲದಿದ್ದರೆ ವಿಂಡೋ ಸ್ಟಿಕರ್ ನೋಡಿ. ಜಿಎಂ ಗಾಡಿಗಳಲ್ಲಿ ಜಿಯು6 ಎಂದರೆ 3.42, ಜಿಟಿ4 ಎಂದರೆ 3.73, ಜಿಟಿ5 ಎಂದರೆ 4.10. ಸೆಕೆಂಡ್‌ಹ್ಯಾಂಡ್ ಗಾಡಿಯಲ್ಲಿ ಟೈರ್ ಸೈಜೂ ನೋಡಬೇಕು. ಚೆಂದಕ್ಕೆಂದು 35 ಇಂಚಿನ ಟೈರ್ ಹಾಕಿಸಿದ್ದರೆ 3.92 ಎಂಬುದು ನಿಜದಲ್ಲಿ 3.57 ಆಗಿರುತ್ತದೆ, 3.21 ಎಂಬುದು 2.93. ಎಳೆಯುವ ಉದ್ದೇಶಕ್ಕೆ ಅಂಥ ಗಾಡಿ ಬೇಡ. ಆಕ್ಸಲ್ ಗೇರ್ ಬದಲಾಯಿಸುವುದೂ ಸುಲಭವಲ್ಲ, ಫೋರ್ ವೀಲ್ ಆದರೆ ಮುಂದೆ ಹಿಂದೆ ಎರಡೂ ಬಿಚ್ಚಬೇಕು. ಅಷ್ಟು ಮಾಡಿಸಿದರೂ ಬಾಗಿಲಿನ ಸ್ಟಿಕರ್ ಬದಲಾಗುವುದಿಲ್ಲ. ಗೇರ್ ಎಳೆತವನ್ನು ಕೊಟ್ಟೀತು, ಹೊರುವ ಶಕ್ತಿಯನ್ನು ಕೊಡಲಾರದು.

ಡೀಸೆಲ್ ಎಂದೊಡನೆ ಎಲ್ಲ ಪರಿಹಾರವಾಯಿತು ಎಂದುಕೊಳ್ಳುವುದು ಮುಂದಿನ ತಪ್ಪು. ಮುಕ್ಕಾಲು ಟನ್ ವರ್ಗದ ಬಹಳಷ್ಟು ಗಾಡಿಗಳ ಜಿವಿಡಬ್ಲ್ಯುಆರ್ 10,000 ಪೌಂಡಿಗೆ ನಿಲ್ಲುತ್ತದೆ. ಕಮಿನ್ಸ್ ಡೀಸೆಲ್ ಎಂಜಿನ್ ಪೆಟ್ರೋಲ್ ಎಂಜಿನ್ನಿಗಿಂತ ನೂರಾರು ಪೌಂಡ್ ಭಾರ, ಆ ಭಾರ ಪೇಲೋಡಿನಿಂದಲೇ ಕಳೆಯುತ್ತದೆ. ಒಳ್ಳೆಯ ಟ್ರಿಮ್‌ನ ರಾಮ್ 2500 ಡೀಸೆಲ್ 2,000 ಪೌಂಡ್ ಆಸುಪಾಸಿಗೆ ನಿಂತರೆ ಆಶ್ಚರ್ಯವಿಲ್ಲ. 12,000 ಪೌಂಡಿನ ಫಿಫ್ತ್ ವೀಲ್ ಟ್ರೈಲರ್ (ಬೆಡ್ ಒಳಗಿನ ಕೊಂಡಿಗೆ ಕಟ್ಟುವಂಥದ್ದು) ತನ್ನ 20% ಭಾರವನ್ನು, ಅಂದರೆ 2,400 ಪೌಂಡನ್ನು ಬೆಡ್ ಮೇಲೆ ಇಡುತ್ತದೆ. ಸುಲಭವಾಗಿ ಎಳೆಯುತ್ತದೆ, ಹೊರಲಾರದು. ಅಲ್ಲಿ ಅದಕ್ಕಿಂತ ಮೇಲಿನ ವರ್ಗದ ರಾಮ್ 3500 ಬೇಕು. ಕ್ಯಾಲಿಫೋರ್ನಿಯಾದವರು ಲೈಸೆನ್ಸ್ ಕಡೆಯೂ ನೋಡಿ: 10,000 ಪೌಂಡ್ ಮೀರಿದ ಟ್ರಾವೆಲ್ ಟ್ರೈಲರಿಗೂ 15,000 ಮೀರಿದ ಫಿಫ್ತ್ ವೀಲ್‌ಗೂ ಅಲ್ಲಿ ಮಾಮೂಲಿ ಲೈಸೆನ್ಸ್ ಸಾಲದು, ನಾನ್-ಕಮರ್ಷಿಯಲ್ ಕ್ಲಾಸ್ ಎ ಬೇಕು. ಟ್ರೈಲರ್ ಕಟ್ಟಿದರೆ ವೇಗದ ಮಿತಿಯೂ 55 ಮೈಲಿ.

ಕಾಗದದ ಲೆಕ್ಕ ಮುಗಿದ ಮೇಲೆ ತಕ್ಕಡಿ. ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಇರುತ್ತದೆ, ಮುಂದಿನ ಅಚ್ಚು, ಹಿಂದಿನ ಅಚ್ಚು, ಟ್ರೈಲರ್ ಅಚ್ಚು ಮೂರನ್ನೂ ಬೇರೆ ಬೇರೆ ತೂಗುತ್ತದೆ. ಪ್ರಯಾಣಕ್ಕೆ ಹೊರಟಂತೆಯೇ ತುಂಬಿಕೊಂಡು, ಎಲ್ಲರೂ ಒಳಗೆ ಕೂತು, ಮೂರು ಸಲ ತೂಗಿಸಿ: ಬಾರ್ ಹಾಕಿ, ಬಾರ್ ಬಿಚ್ಚಿ, ಟ್ರೈಲರ್ ಕಳಚಿ. ಎರಡನೇ ಸಲದ ಗಾಡಿಯ ಎರಡು ಅಚ್ಚುಗಳ ಮೊತ್ತದಿಂದ ಮೂರನೇ ಸಲದ ಮೊತ್ತ ಕಳೆದರೆ ನಿಜವಾದ ಟಂಗ್ ಭಾರ. ಮೊದಲನೇ ಸಲದ ಹಿಂದಿನ ಅಚ್ಚಿನ ಅಂಕಿಯನ್ನು ಬಾಗಿಲಿನ ಮೇಲಿನ ಜಿಎಡಬ್ಲ್ಯುಆರ್ (ಆ ಅಚ್ಚು ಹೊರಬಹುದಾದ ಗರಿಷ್ಠ ಭಾರ) ಜೊತೆ ಹೋಲಿಸಿ. ಮೂರೂ ಅಚ್ಚುಗಳ ಒಟ್ಟು ಭಾರ ಜಿಸಿಡಬ್ಲ್ಯುಆರ್ (ಗಾಡಿ, ಟ್ರೈಲರ್ ಸೇರಿದ ಗರಿಷ್ಠ ತೂಕ) ಒಳಗಿರಬೇಕು.

ಟ್ರೈಲರ್ ಬ್ರೇಕನ್ನು ಗಾಡಿಯೊಳಗಿಂದ ನಡೆಸುವ ಬ್ರೇಕ್ ಕಂಟ್ರೋಲರನ್ನು ಆ ತುಂಬಿದ ತೂಕದಲ್ಲೇ ಹೊಂದಿಸಬೇಕು, ಖಾಲಿ ಟ್ರೈಲರಿಗೆ ಹೊಂದಿಸಿದ್ದು ಕೆಲಸಕ್ಕೆ ಬಾರದು. ಖಾಲಿ ಪಾರ್ಕಿಂಗ್ ಲಾಟ್‌ನಲ್ಲಿ 25 ಮೈಲಿ ವೇಗಕ್ಕೆ ತಂದು ಕೈಯ ಲಿವರ್ ಪೂರ್ತಿ ಒತ್ತಿ. ಟ್ರೈಲರ್ ಚಕ್ರ ಲಾಕ್ ಆಗಿ ಕಿರುಚಿದರೆ ಗೇನ್ (ಟ್ರೈಲರ್ ಬ್ರೇಕಿನ ಬಲ) ಇಳಿಸಿ, ಗಾಡಿಯನ್ನು ಹಿಡಿದೆಳೆದ ಅನುಭವ ಬಾರದಿದ್ದರೆ ಏರಿಸಿ, ಲಾಕ್ ಆಗುವ ಅಂಚಿನಿಂದ ತುಸು ಕೆಳಗೆ ನಿಲ್ಲಿಸಿ. ಇಳಿಜಾರಿನಲ್ಲಿ ನಮ್ಮ ಘಾಟಿ ಲಾರಿ ಚಾಲಕರ ನಿಯಮವೇ ಅಲ್ಲಿಯೂ: ಯಾವ ಗೇರಿನಲ್ಲಿ ಹತ್ತಿದೆಯೋ ಅದೇ ಗೇರಿನಲ್ಲಿ ಇಳಿ. ಬ್ರೇಕ್ ಮೇಲೆ ಕಾಲಿಟ್ಟೇ ಇಳಿಯಬೇಡಿ. ವೇಗ ಮಿತಿ ದಾಟಿದಾಗ ಗಟ್ಟಿಯಾಗಿ ಒತ್ತಿ ಐದಾರು ಮೈಲಿ ಇಳಿಸಿ, ಪೂರ್ತಿ ಬಿಡಿ, ಡ್ರಮ್ಮಿಗೆ ಗಾಳಿಯಾಡಲಿ. ಸುಟ್ಟ ವಾಸನೆ ಬಂದರೆ ಮುಂದಿನ ಪುಲ್-ಔಟ್‌ನಲ್ಲಿ ನಿಲ್ಲಿಸಿ, ಚಕ್ರಕ್ಕೆ ಅಡ್ಡ ಕೊಡಿ, ಅರ್ಧ ಗಂಟೆ ಬಿಡಿ. ನೀರು ಸುರಿಯಬೇಡಿ, ಕಾದ ಡ್ರಮ್ ಬಿರಿಯುತ್ತದೆ.